ಫಿಟ್ಟರ್, ಮೂರನೇ ದರ್ಜೆ

ಟೋಕನ್ ನಂಬರ್ ನಾನೂರ ಹನ್ನೊಂದು.
ಹೆಸರು ಸವರಿಮುತ್ತು, ತಂದೆ ಜ್ಞಾನಪ್ರಕಾಶಂ,
ವಾಸ ಗೌತಮಪುರ, ಹಲಸೂರು.
ಕೆಲಸ: ಫಿಟ್ಟರ್, ಮೂರನೇ ದರ್ಜೆ.
ಹೀಗಂತ ಬರೆದವನು ನಾನೇ,
ಟೈಮ್ ಆಫೀಸಿನ ಕಿಟಕಿಯೊಳಗೆ ಕೂತು, ಐವತ್ತಾರರ ಜೂನಿನಲ್ಲಿ.
ಬರೆಯುವಾಗಲೇ ಗೊತ್ತಿತ್ತು
ಈ ಮನುಷ್ಯ ಅರ ಹಿಡಿಯುವುದಿಲ್ಲ ಎಂದು.

ಅವನ ಕೈ ನೋಡಲಿಲ್ಲ ಯಾರೂ.
ಸಾಹೇಬರು ಮೇಜಿನಾಚೆಯಿಂದ ಬಗ್ಗಿ
ಕಾಲು ನೋಡಿದರು.
ಹೆಬ್ಬೆರಳು ಚಪ್ಪಟೆ, ಉಗುರಿಲ್ಲ.
"ಯಾವಾಗ ಸೇರ್ತೀಯ?"
ಸಂಬಳ ಅರವತ್ತೆಂಟು ಅಂದರು.
ಆಟಕ್ಕೆ ಯಾರಾದರೂ ಕಾಸು ಕೊಡುತ್ತಾರೆಯೇ ಎಂದು
ಇನ್ನೊಂದು ಸಲ ಕೇಳಿದ.
ಅವನಪ್ಪ ದಂಡಿನ ಬಂಗಲೆಯಲ್ಲಿ
ಕುದುರೆ ತಿಕ್ಕಿದವನು, ತಿಂಗಳಿಗೆ ಹದಿನೆಂಟು.

ಆಮೇಲೆ ಹನ್ನೊಂದು ವರ್ಷ
ಅವನ ಹೆಸರಿನೆದುರು ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ:
'ಆಟದ ಮೇಲೆ.'
ರಜೆಯ ಮೇಲೆ, ಕಾಯಿಲೆಯ ಮೇಲೆ ಅನ್ನುವ ಹಾಗೆ.
ಲೇತಿನವರು ಎಣ್ಣೆಯಲ್ಲಿ ಮೀಯುವ ಹೊತ್ತಿಗೆ
ಶೆಡ್ಡಿನ ಹಿಂದೆ, ಕೆಮ್ಮಣ್ಣಿನಲ್ಲಿ, ಬರಿಗಾಲು,
ಗೋಡೆಗೆ ಚೆಂಡು, ಧಡ್,
ಮತ್ತೆ ಧಡ್,
ಮೂರು ಸಲ ಕೂಡಿದರೂ ನನ್ನ ಲೆಕ್ಕ ತಾಳೆಯಾಗುತ್ತಿರಲಿಲ್ಲ.
ಅವನಿಗೆ ದಿನಕ್ಕೆ ಎರಡು ಮೊಟ್ಟೆ, ಒಂದು ಲೋಟ ಹಾಲು.
"ನಮ್ಮ ಬೆವರಿಗೆ ನೀರುಮಜ್ಜಿಗೆ," ಗೊಣಗಿದ ಬೋರಲಿಂಗಯ್ಯ.
ಭಾನುವಾರ ಅದೇ ಬೋರಲಿಂಗಯ್ಯ
ಮಗನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಬಂದು
ಆರಾಣೆ ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡ.

ಆಮೇಲೆ ಬೂಟು ಬಂತು.
ಕಡ್ಡಾಯ, ಅಂತು ಸುತ್ತೋಲೆ. ಟೈಪು ಮಾಡಿದ್ದೂ ನಾನೇ.
ಶಿವಾಜಿನಗರದ ಮೋಚಿ ಅಳತೆ ತೆಗೆದು ನಕ್ಕ:
ಎಡಗಾಲು ನಿನ್ನದು, ಬಲಗಾಲು ಯಾರದು?
ಬೂಟಿನೊಳಗೆ ಕಾಲು ಕುರುಡಾಯಿತು.
"ಚೆಂಡೆಲ್ಲಿದೆ ಅಂತ ಈಗ ಕಣ್ಣಲ್ಲಿ ನೋಡಬೇಕು ಸಾರ್."
ಹಾಗೆ ನೋಡಿದ ಅರೆಗಳಿಗೆಯಲ್ಲೇ ಇರಬೇಕು
ಯಾರದೋ ಬೂಟು ಮಂಡಿಗೆ ಬಿದ್ದದ್ದು.

ಪ್ಲಾಸ್ಟರು ಬಿಚ್ಚಿದ ಸೋಮವಾರ
ಫೋರ್ಮನ್ ಅವನ ಕೈಗೆ ಅರ ಕೊಟ್ಟ.
ಹನ್ನೊಂದು ವರ್ಷ ಸರ್ವಿಸಿನ ಫಿಟ್ಟರು
ಇದನ್ನು ಹಿಡಿಯೋದು ಹೇಗೆ ಎಂದು
ಮೀಸೆ ಮೂಡದ ಅಪ್ರೆಂಟಿಸನ್ನು ಕೇಳಿದ.
ಕೆಂಪು ಶಾಯಿ ನಿಂತಿತು.
ನೀಲಿಯಲ್ಲಿ ಬರೆದೆ: ಹಾಜರ್.
ಹಾಜರ್, ಹಾಜರ್, ಇಪ್ಪತ್ತೈದು ವರ್ಷ.

ನಿವೃತ್ತಿಯ ತಿಂಗಳು ಆಡಿಟ್ ಆಕ್ಷೇಪಣೆ:
ಮೊದಲ ಹನ್ನೊಂದು ವರ್ಷ ಕೆಲಸ ಮಾಡಿದ್ದಕ್ಕೆ ದಾಖಲೆಯಿಲ್ಲ,
ಗ್ರಾಚ್ಯುಟಿಗೆ ಹೇಗೆ ಎಣಿಸುವುದು? ಆಧಾರ ಒದಗಿಸಿ.

ಬಸ್ಸು ಹಿಡಿದು ಗೌತಮಪುರಕ್ಕೆ ಹೋದೆ.
ಕಪ್ಪು ಇದೆಯಾ, ಕಾಗದ?
ಲೂರ್ದುಮೇರಿ ಅಕ್ಕಿ ಡಬ್ಬಿಯಿಂದ ಒಂದು ತೆಗೆದಳು,
ಕಿವಿ ಮುರಿದದ್ದು, ಎರಡು ಸಲ ತುಂಬಿದರೆ ಒಂದು ಪಾವು.
ಅದರ ಮೇಲಿನ ಅಕ್ಷರ ತಿಕ್ಕಿ ತಿಕ್ಕಿ ಹೋಗಿತ್ತು.
ಅವನು ಮೆಟ್ಟಿಲ ಮೇಲೆ ಕೂತು
ಲುಂಗಿಯನ್ನು ಮಂಡಿಗೆ ಏರಿಸಿದ.
ಬರ್ಕೊಳ್ಳಿ ಸಾರ್.
ಇದು ಕಲ್ಕತ್ತ. ಇದು ತ್ರಿಶೂರು, ಹೊಲಿಗೆ ಏಳು.
ಇದು ಇಲ್ಲೇ, ನಮ್ಮ ಗ್ರೌಂಡಿನ ಜಲ್ಲಿ.
ನಾನು ಅನುಬಂಧದಲ್ಲಿ ಕ್ರಮಸಂಖ್ಯೆ ಹಾಕುತ್ತ ಹೋದೆ.

"ಫಿಟ್ಟರ್ ಅಂತ ಬರೆದ್ರಲ್ಲ ಅವತ್ತು,
ಬೇರೇನಾದ್ರೂ ಬರೀಬಹುದಿತ್ತಾ?"
ಆ ಅಂಕಣದ ಅಗಲ ಒಂದೂವರೆ ಅಂಗುಲ, ಅಂದೆ.
ಅವನು ತಲೆಯಾಡಿಸಿದ, ಆಟಗಾರನಿಗೆ ಅಳತೆ ಅರ್ಥವಾಗುತ್ತದೆ.

ಮೀನಖಂಡದ ಮೇಲೆ ಇನ್ನೊಂದಿತ್ತು, ಆಳವಾದದ್ದು.
ಇದು?
ಅದು ಬಿಡಿ, ಕರಿನಾಯಿ, ನಾನಾಗ ಏಳು ವರ್ಷದವನು,
ಆಟಕ್ಕೂ ಅದಕ್ಕೂ ಸಂಬಂಧವಿಲ್ಲ.
ಸ್ವಲ್ಪ ಹೊತ್ತು ಬಿಟ್ಟು ಹೇಳಿದ:
ಇದೆ. ಓಡೋದು ಕಲಿಸಿದ್ದು ಅದೇ.

ಮೂವತ್ತೆಂಟು ವರ್ಷ ಹಾಜರಿ ಬರೆದವನು,
ಸುಳ್ಳು ಬರೆದದ್ದು ಒಂದೇ ಸಲ, ಮೇಲೆ ಹೇಳಿದ್ದೇನೆ.
ಕ್ರಮಸಂಖ್ಯೆ ಹದಿನಾಲ್ಕರಲ್ಲಿ
ನಾಯಿಯನ್ನೂ ಸೇರಿಸಿದೆ,
ಕೆಂಪು ಶಾಯಿಯಲ್ಲಿ.