ಹೋಲ್ಡಾನ್

ಬೆಳ್ಳಂದೂರು. ಹನ್ನೆರಡನೇ ಮಹಡಿಯ ಗಾಜು.
ಕೊರಳಿಗೆ ಪಟ್ಟಿ ನೇತುಹಾಕಿದ್ದಾರೆ: ವಿಸಿಟರ್.
ಎದುರಿಗೆ ವಕೀಲ ಹುಡುಗ, ಹೆಸರು ಕಟ್ಟೀಮನಿ,
ನೀರು ಕೊಟ್ಟ, ಮೇಡಂ ಅಂದ,
ಒಂದು ಪುಟ ನನ್ನ ಕಡೆ ತಿರುಗಿಸಿ ಇಟ್ಟ.
ಕೆಳಗೆ ರಿಂಗ್ ರೋಡಿನಲ್ಲಿ ಬಸ್ಸುಗಳು
ಸದ್ದೇ ಕೇಳಿಸದೆ ನಿಂತಿದ್ದವು.

ವಿಷಯ ಇಷ್ಟೇ:
ಚಿಲ್ಲರೆ ಚೆನ್ನಿಗ ಈಗ ಅವರವನು.
ನಾಲ್ಕು ಪಿಕ್ಚರು, ಖಾಕಿ ಶರ್ಟು, ತೊಗಲಿನ ಚೀಲ,
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು
ಕೊನೇ ಸ್ಟಾಪಿನಲ್ಲಿ ತಪ್ಪದೆ ಎಣಿಸಿಕೊಡುವ ಕೈ,
ನೈಟ್ ಸರ್ವಿಸಿನಲ್ಲಿ ಕಳ್ಳನನ್ನು ಹಿಡಿದರೂ
ಮೊದಲು ಅವನಿಗೊಂದು ಟಿಕೆಟ್ ಹರಿಯುವ ನಿಯತ್ತು,
ಎಲ್ಲ, ಮೀಸೆಯ ಸಮೇತ, ಅವರವು.
ಸೀಟಿಯೂ.

ಸೀಟಿಯ ಮಾತು ಬಂದಾಗ ಹುಡುಗ ಕೆಮ್ಮಿದ.

ಹೀರೋಗೆ ಸೀಟಿ ಊದಲು ಬರುತ್ತಿರಲಿಲ್ಲ.
ಮುಂದಿನ ಎರಡು ಹಲ್ಲು ಕಟ್ಟಿಸಿದ್ದು;
ಊದಿದರೆ ಗಾಳಿ ಬರುತ್ತಿತ್ತು, ಒಮ್ಮೆ ಹಲ್ಲೇ ಬಂತು.
ಎಪ್ಪತ್ತೊಂಬತ್ತನೇ ಇಸವಿ. ಗಾಂಧಿನಗರದ ಡಬ್ಬಿಂಗ್ ಥಿಯೇಟರು.
ನಾನು ಲೂರ್ದು ಮೇರಿ, ಶಿವಾಜಿನಗರ, ವಯಸ್ಸು ಹತ್ತೊಂಬತ್ತು,
ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸುವವಳು.
ನಾಯಕಿಯ ಬಳೆ, ಖಳನ ಬೂಟು,
ಒಣಗಿದೆಲೆಯ ಮೇಲೆ ಹರಿಯುವ ಹಾವು
ಎಲ್ಲ ನನ್ನ ಕೈಯಲ್ಲೇ.
ನೀನೇ ಊದಮ್ಮ, ಎಂದರು ಪುಟ್ಟಹೊನ್ನಯ್ಯನವರು.
ಊದಿದೆ. ಒಂದು ಗಿಡ್ಡ, ಒಂದು ಉದ್ದ.
ಉಸಿರು ಸಾಲದೆ ಬಾಲ ನಡುಗಿತು.
ನಡುಕ ಇರಲಿ, ಎಂದರು.

ಮುಂದೆ ಮೆಜೆಸ್ಟಿಕ್ಕಿನ ಗಾಂಧಿಕ್ಲಾಸಿನಲ್ಲಿ
ಸಾವಿರ ಗಂಡಸರು ಬೆರಳು ಬಾಯಿಗಿಟ್ಟು
ನನ್ನುಸಿರಿಗೆ ಉತ್ತರ ಕೊಟ್ಟರು.
ಪಕ್ಕದಲ್ಲಿದ್ದ ಅಮ್ಮನಿಗೆ ಹೇಳಲಿಲ್ಲ.
ಹುಡುಗಿಯರು ಸೀಟಿ ಊದಬಾರದು.

ಮಾತಾಗಿದ್ದು ಎಪ್ಪತ್ತೈದು. ಕೈಗೆ ಬಂದದ್ದು ಐವತ್ತು.
ಮ್ಯಾನೇಜರು ವೋಚರಿನ ಬೆನ್ನಿಗೆ ಬರೆದ:
ಬಾಕಿ ಇಪ್ಪತ್ತೈದು.

ಚೆನ್ನಿಗ ದಾಟಿದ ಸ್ಟೇಜುಗಳು:
ಪುಟ್ಟಹೊನ್ನಯ್ಯ ನೆಗೆಟಿವ್ ಅಡವಿಟ್ಟು
ಐದನೆಯದಕ್ಕೆ ಮುಹೂರ್ತ ಮಾಡಿ ತೀರಿಕೊಂಡರು.
ಮಗ ಕ್ಯಾಸೆಟ್ಟಿನವನಿಗೆ ಕೊಟ್ಟ,
ಕ್ಯಾಸೆಟ್ಟಿನವನು ಚಾನೆಲ್ಲಿಗೆ,
ಚಾನೆಲ್ಲನ್ನು ಸಿಮೆಂಟಿನವರು ಕೊಂಡರು,
ಸಿಮೆಂಟಿನವರನ್ನು ಕೊಂಡವರ ಹೆಸರು
ಹೋದ ತಿಂಗಳು ಬದಲಾಗಿದೆಯಂತೆ,
ಬೋರ್ಡು ಇನ್ನೂ ಬಂದಿಲ್ಲ.

ಹುಡುಗ ಪರದೆ ಬೆಳಗಿಸಿದ.
ಭಾಗ ಐದರಿಂದ ಹನ್ನೊಂದು. ಚೆನ್ನಿಗನ ಬಾಲ್ಯ.
ಚೆನ್ನಿಗನ ಬಸ್ಸಿಗೆ ರೆಕ್ಕೆ.
ಅವನು ಹಿಡಿದ ಕಳ್ಳನಿಗೇ ಬೇರೆ ಎರಡು ಪಿಕ್ಚರು.
ಸತ್ತ ಹೀರೋನ ಮುಖವನ್ನು ಕಂಪ್ಯೂಟರಿನಲ್ಲಿ ಕಡೆದು
ಇಪ್ಪತ್ತೆರಡಕ್ಕೆ ತಂದು ನಿಲ್ಲಿಸಿದ್ದಾರೆ;
ಹಲ್ಲು ಮೂವತ್ತೆರಡೂ ಇವೆ.
ಸೀಟಿಯನ್ನೂ ತೊಳೆದಿದ್ದಾರೆ. ಕೇಳಿಸಿದ.
ಬಾಲದ ನಡುಕ ಹೋಗಿತ್ತು.

ನಿಜ ಹೇಳುತ್ತೇನೆ, ನಾಲ್ಕನೆಯದು ಕೆಟ್ಟದಾಗಿತ್ತು.
ಅದನ್ನು ಹಾಳುಮಾಡಲು ಯಾವ ಕಂಪನಿಯೂ ಬೇಕಿರಲಿಲ್ಲ,
ನಾವೇ ಸಾಕಾಗಿದ್ದೆವು.
ಡಬ್ಬಿ ತೆರೆದರೆ ರೀಲು ಹುಳಿ ನಾರುತ್ತದಂತೆ,
ಉಳಿಸಲು ಯಾರಾದರೂ ದುಡ್ಡು ಸುರಿಯಬೇಕು.
ಅದೂ ಗೊತ್ತು ನನಗೆ.

‘ರೈಟ್ಸ್ ಎಲ್ಲ ನಮ್ಮ ಹತ್ರಾನೇ ಇವೆ ಮೇಡಂ,
ನಿಮ್ಮ ಸೈನು ಬರೀ ಶಾಸ್ತ್ರಕ್ಕೆ.’

ರೈಟ್ ಅಂದರೆ ನಮ್ಮ ಕಡೆ
ಎಲ್ಲರೂ ಹತ್ತಿಯಾಯಿತು, ಹೊರಡಬಹುದು ಅಂತ.
ಕೊನೆಯ ಮುದುಕಿಯ ಬುಟ್ಟಿ ಮೇಲೆ ಬರುವ ತನಕ
ಚೆನ್ನಿಗ ಆ ಮಾತು ಆಡಿದವನಲ್ಲ.

ನೀನು ನೋಡಿದ್ದೀಯೇನಪ್ಪ, ಕೇಳಿದೆ.
ಗದಗಿನಲ್ಲಿ, ಮಾವನ ಜೊತೆ, ಎರಡನೆಯದು, ಏಳು ಸಲ, ಎಂದ.
ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ,
ಸಣ್ಣ ದನಿಯಲ್ಲಿ: ಒಂದ್ಸಲ ಊದ್ತೀರಾ?

ಸೀಟಿ ಪರ್ಸಿನಲ್ಲೇ ಇತ್ತು.
ನನ್ನ ಹಲ್ಲೂ ಈಗ ಕಟ್ಟಿಸಿದ್ದು.
ಗಾಳಿ ಬಂತು. ಗಾಳಿಯ ತುದಿಯಲ್ಲಿ
ಚೂರು ನಡುಕ.

ಅವನು ಪೆನ್ನು ಮುಂದೆ ಸರಿಸಿದ.
ಹೋಲ್ಡಾನ್, ಎಂದೆ.
ಪುಟ ಮಗುಚಿ ಬೆನ್ನಿಗೆ ಬರೆದೆ:
ಬಾಕಿ ಇಪ್ಪತ್ತೈದು.

ಕಟ್ಟೀಮನಿ ಜೇಬು ತಡವಿಕೊಂಡ, ಈ ಜೇಬು, ಆ ಜೇಬು.
ಅವನ ಹತ್ತಿರ ಚಿಲ್ಲರೆ ಇರಲಿಲ್ಲ.