ಒಂದಕ್ಕೆ ಎಪ್ಪತ್ತೆರಡು

ಇಲ್ಲಿ ಒಂದು ಮಿಲಿಮೀಟರು ತಪ್ಪಿದರೆ
ಅಲ್ಲಿ ಎಪ್ಪತ್ತೆರಡು ತಪ್ಪಿದಂತೆ.
ಮೂವತ್ತೊಂದು ವರ್ಷ ಕುವೊಪಿಯೊ ಊರಿನ ಬಾಯಿಗಳಿಗೆ
ಹಲ್ಲು ಎರೆದುಕೊಟ್ಟ ಕೈ ನನ್ನದು;
ಅಳತೆ ತಪ್ಪಿದರೆ ಏನಾಗುತ್ತದೆಂದು ಬಲ್ಲೆ:
ಮಾರನೆಯ ದಿನವೇ ಬಾಗಿಲು ತಟ್ಟುತ್ತಾರೆ
ದವಡೆ ಹಿಡಿದುಕೊಂಡು.
ವಿಮಾನವನ್ನು ಯಾರೂ ಅಗಿಯುವುದಿಲ್ಲ.
ಆದರೂ.

ಎರಡು ಇಂಜಿನ್ನಿನ ಬಾಂಬರು, ಬಾಲದ ಮೇಲೆ ಹದಿನೇಳು.
ರೆಕ್ಕೆ ಕೂಡಿಸಿದೆ, ಚಕ್ರ ಕೂರಿಸಿದೆ,
ಹೊಟ್ಟೆಗೆ ತಿಳಿನೀಲಿ, ಬೆನ್ನಿಗೆ ಹಸಿರು ಬಳಿದೆ.
ಉಳಿದದ್ದು ಒಂದು ಕಡ್ಡಿ:
ಚಾಲಕನ ತಲೆಯ ಹಿಂದಿನ ಆಂಟೆನಾ ಕಂಬ,
ಅದರ ತುದಿಯಿಂದ ಬಾಲದ ತನಕ ಬಿಗಿದ ತಂತಿ.
ಒಂದು ರೈ ಕಾಳಿನ ಉದ್ದದ ಸಂಗತಿ.
ಅದಕ್ಕೇ ಎರಡು ಚಳಿಗಾಲ ಹೋಯಿತು.

ಫೋಟೋ ಮೂರೇ ಮೂರು.
ಒಂದರಲ್ಲಿ ಕಂಬ ಮುಂದಕ್ಕೆ ಬಾಗಿದೆ,
ಗಾಳಿಯ ಜೊತೆ ಜಗಳಕ್ಕೆ ನಿಂತ ಹಾಗೆ.
ಇನ್ನೊಂದರಲ್ಲಿ ನೆಟ್ಟಗೆ, ಪಕ್ಕೆಯುದ್ದಕ್ಕೂ ಬಿಳಿ ಗೀರುಗಳು
(ನೆಗೆಟಿವ್ ಸವೆದದ್ದು ಅಂದುಕೊಂಡು ಬಿಟ್ಟಿದ್ದೆ).
ಮೂರನೆಯದರಲ್ಲಿ, ಕಂಬ ಇರಬೇಕಾದ ಕಡೆ,
ಯಾರೋ ಹುಡುಗ ಕೈಯೆತ್ತಿ ನಗುತ್ತಿದ್ದಾನೆ.
ಅವನ ಮೊಣಕೈ ಸರಿಯಾಗಿ ಅಡ್ಡ.
ಭೂತಗನ್ನಡಿ ಹಿಡಿದು ಆ ಮೊಣಕೈಯನ್ನು
ವಾರಗಟ್ಟಲೆ ಬೈದಿದ್ದೇನೆ.
ಆಮೇಲೆ ಫೋಟೋದ ಬೆನ್ನು ತಿರುಗಿಸಿದೆ. ಪೆನ್ಸಿಲಿನಲ್ಲಿ
ಸುಲೋ, ಅಂತ. ಪಕ್ಕದಲ್ಲಿ ಸಣ್ಣ ಶಿಲುಬೆ. ಮಾರ್ಚ್.
ಬೈಗುಳ ಹಿಂತೆಗೆದುಕೊಂಡೆ.
ಮೊಣಕೈ ಮಾತ್ರ ಸರಿಯಲಿಲ್ಲ.

ತಂತಿಗೆಂದು ಹೆಲ್ವಿಯ ತಲೆಗೂದಲು ಕೇಳಿದೆ.
"ಮೊದಲು ಅಳೆದು ನೋಡು" ಅಂದಳು ಹೆಂಡತಿ,
ಹೆಣಿಗೆಯಿಂದ ತಲೆಯೆತ್ತದೆ.
ಅಳೆದೆ. ಎಪ್ಪತ್ತೆರಡರಿಂದ ಗುಣಿಸಿದೆ.
ಕೂದಲೆಳೆಯಷ್ಟೇ ಅಂತರ ಅನ್ನುತ್ತಾರಲ್ಲ,
ಆ ಕೂದಲೆಳೆ ಅಲ್ಲಿ ಬಟ್ಟೆ ಒಣಹಾಕುವ ಹಗ್ಗ.
ಕೊನೆಗೆ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಮೇಣದ ಬತ್ತಿಗೆ ಹಿಡಿದು
ಮೆತ್ತಗಾದೊಡನೆ ಎರಡೂ ಕಡೆ ಎಳೆದೆ, ಉಸಿರು ಕಟ್ಟಿ.
ಬಂತು ಎಳೆ, ಕಣ್ಣಿಗೆ ಸಿಗದಷ್ಟು,
ತುಟಿಗೆ ತಾಗಿದರಷ್ಟೇ ಇದೆ ಅನ್ನಿಸುವಷ್ಟು.

ಏಪ್ರಿಲ್ಲಿನಲ್ಲಿ, ಸರೋವರದ ಮಂಜುಗಡ್ಡೆ ಕಪ್ಪಾಗುವ ಹೊತ್ತಿಗೆ,
ವರ್ಕೌಸಿಗೆ ಬಸ್ಸು ಹಿಡಿದೆ.
ಹಿಲ್ಕಾ ಪೂರಾನೆನ್. ಯುದ್ಧದಲ್ಲಿ ಹತ್ತೊಂಬತ್ತರ ಹುಡುಗಿ,
ಓಡುದಾರಿಯ ಪಕ್ಕದ ಮರದ ಗುಡಿಸಲಲ್ಲಿ
ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತವಳು.
ಕಾಫಿ ಕೊಟ್ಟಳು, ಏಲಕ್ಕಿ ಬನ್ನು ಕೊಟ್ಟಳು.
ಮೂರೂ ಫೋಟೋ ಮೇಜಿಗೆ ಹರಡಿ ಕೇಳಿದೆ:
ಬಾಗಿತ್ತೋ? ನೆಟ್ಟಗಿತ್ತೋ?
"ನಾನದನ್ನು ನೋಡಿಯೇ ಇಲ್ಲವಲ್ಲಪ್ಪ" ಅಂದಳು,
"ಕೇಳಿದ್ದೇನೆ, ಅಷ್ಟೇ."

ಬೆರಳಿನ ಗೆಣ್ಣಿನಿಂದ ಮೇಜು ತಟ್ಟಿದಳು.
ಉದ್ದ, ಗಿಡ್ಡ, ಗಿಡ್ಡ, ಉದ್ದ.
"ಇದು ಸುಲೋನ ಕೈ. ಅವನ ಉದ್ದವೂ ತುಸು ಗಿಡ್ಡವೇ.
ಅವಸರದ ಹುಡುಗ."
ಮತ್ತೆ, ತಟ್ಟುವುದನ್ನು ನಿಲ್ಲಿಸಿ:
"ಚಳಿಯಲ್ಲಿ ತಂತಿಗೆ ಮಂಜು ಕಟ್ಟುತ್ತಿತ್ತು, ಹೆಬ್ಬೆರಳ ದಪ್ಪ.
ಭಾರಕ್ಕೆ ಕಡಿದುಹೋಗುತ್ತಿತ್ತು. ಕಡಿದ ತುದಿ
ನೆಲ ಮುಟ್ಟುವ ತನಕ ಪಕ್ಕೆಗೆ ಛಟೀರ್ ಛಟೀರ್ ಬಾರಿಸಿ
ಬಣ್ಣ ಕಿತ್ತುಹಾಕುತ್ತಿತ್ತಂತೆ.
ನಮಗೆ ಇಲ್ಲಿ ಬರೀ ಮೌನ.
ಇಳಿದವನು ತಂತಿಗೆ ಶಾಪ ಹಾಕುತ್ತಲೇ ಒಳಗೆ ಬರುತ್ತಿದ್ದ.
ಆ ಮಾರ್ಚಿನಲ್ಲೂ, ಮೌನ ತಂತಿಯದೇ ಅಂದುಕೊಂಡು
ಕಾಫಿ ಬಿಸಿಗಿಟ್ಟು ಕೂತಿದ್ದೆ."
ಬನ್ನಿನ ಸಕ್ಕರೆಯನ್ನು ಒಂದೊಂದೇ ಹರಳು
ಬೆರಳಿಗಂಟಿಸಿ ತಿಂದಳು.

ಕಂಬ ಬಾಗಿತ್ತೋ ನೆಟ್ಟಗಿತ್ತೋ
ಇವತ್ತಿಗೂ ಖಾತ್ರಿಯಿಲ್ಲ. ನೆಟ್ಟಗೇ ಅಂಟಿಸಿದೆ.
ಸೂಜಿಮೊನೆಯಿಂದ ಪಕ್ಕೆಯ ಹಸಿರು ಕೆರೆದೆ,
ಹನ್ನೊಂದು ಗೀರು, ಎರಡನೆಯ ಫೋಟೋದಲ್ಲಿ ಇದ್ದಷ್ಟು.
ಎಳೆಯನ್ನು ಬಾಲಕ್ಕೆ ಮಾತ್ರ ಅಂಟಿಸಿ
ಇನ್ನೊಂದು ತುದಿಯನ್ನು ಹಾಗೇ ಬಿಟ್ಟೆ.

ಕನ್ನಡಕ ಮೇಲೆತ್ತಿ ಹೆಲ್ವಿ ಬಗ್ಗಿ ನೋಡಿದಳು.
"ತಂತಿ ಕಡಿದಿದೆಯಲ್ಲ. ನಿನ್ನ ಕೈ ತಾಗಿತೇ?"
"ಇಲ್ಲ," ಅಂದೆ, "ಮಂಜು.
ಚಕ್ರ ನೋಡು, ಇಳಿದಾಗಿದೆ."