ಇನ್ನೂರ ಹನ್ನೆರಡನೇ ಸದಸ್ಯ

ಚಳ್ಳಕೆರೆಯ ಸಂತೆ ಮೈದಾನದ ಹಿಂದೆ
ನಮ್ಮ ಕಂಬಳಿ ನೇಕಾರರ ಸಂಘ.
ತಗಡಿನ ಬೋರ್ಡಿನಲ್ಲಿ 'ನಿಯಮಿತ' ಎಂಬುದಷ್ಟೇ
ಇನ್ನೂ ಓದಲು ಬರುತ್ತದೆ.

ಮಹಾಸಭೆಗೆ ಹದಿನೈದು ದಿನ ಮುಂಚೆ
ಎಲ್ಲ ಸದಸ್ಯರಿಗೂ ನೋಟಿಸು, ಬೈಲಾ ಹಾಗನ್ನುತ್ತದೆ.
ಇನ್ನೂರ ಹನ್ನೊಂದು ಮನೆಗೆ ನಾನೇ ಸೈಕಲ್ಲು ತುಳಿದು
ಸಹಿ, ಇಲ್ಲವೇ ಹೆಬ್ಬೆಟ್ಟು ಹಾಕಿಸಿ ಬರುತ್ತೇನೆ.
ಕೊನೆಯದೊಂದು ರಿಜಿಸ್ಟರ್ ಪೋಸ್ಟಿನಲ್ಲಿ ಹೋಗುತ್ತದೆ.
ಹೆಸರು: ಘನ ಸರ್ಕಾರ. ಷೇರು: ನಲವತ್ತು ಸಾವಿರ.
ತಂದೆಯ ಹೆಸರು, ಕಸುಬು, ವಾರಸುದಾರರು:
ಮೂರೂ ಕಾಲಂ ಖಾಲಿ.

ಮಾಳಕ್ಕ ಪ್ರತಿವರ್ಷ ಕೇಳುತ್ತಾಳೆ
ಉಪ್ಪಿಟ್ಟಿನ ರವೆ ಅಳೆಯುತ್ತಾ:
"ಆವಯ್ಯ ಈ ಸಲನಾದ್ರೂ ಬರ್ತಾನೇನಪ್ಪಾ?
ಒಂದು ಪಾವು ಹೆಚ್ಚಿಗೆ ಹಾಕ್ಲಾ?"
ಹಾಕು, ಅನ್ನುತ್ತೇನೆ.

ಬಂದೇ ಇಲ್ಲ ಎಂದರೆ ಸುಳ್ಳಾದೀತು.
ಒಮ್ಮೆ ಜೀಪಿನಲ್ಲಿ, ಆಡಿಟ್ಟಾಗಿ ಬಂದಿದ್ದ.
ಸರಿಗೆ ತಂದ ಹುಣಸೆಬೀಜದಲ್ಲಿ ಒಂಬತ್ತು ಕೆಜಿ ಎಲ್ಲಿ ಎಂದು
ಮಧ್ಯಾಹ್ನವೆಲ್ಲ ಹುಡುಕಿದ.
ಇಲಿ ತಿಂದಿರಬೇಕು, ಅಂದೆ.
ಇಲಿಯ ಸಹಿ ಕೇಳಲಿಲ್ಲ, ಅದು ಅವನ ದೊಡ್ಡತನ.

ಇನ್ನೊಮ್ಮೆ ಸುತ್ತೋಲೆಯಾಗಿ ಬಂದ:
ಐದರಲ್ಲೊಂದು ಪಾಲು ಬೆಲೆ ಬಿಟ್ಟು ಮಾರಿರಿ,
ಬಿಟ್ಟದ್ದನ್ನು ನಾನು ತುಂಬಿಕೊಡುತ್ತೇನೆ.
ಮಾರಿದೆವು. ಸಾವಿರದ ಕಂಬಳಿ ಎಂಟುನೂರಕ್ಕೆ.
ಐದು ಮೊಳದಲ್ಲಿ ಒಂದು ಮೊಳ ಸರ್ಕಾರದ್ದು.
ಮೂರು ಚಳಿಗಾಲ ಆ ಮೊಳ ಬರಲಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,
ಹೊದಿಕೆಗೆ ಗಾದೆ ಕಟ್ಟಿದವರಿಲ್ಲ.
ಕೊಂಡವರು ಬೆಚ್ಚಗೆ ಮಲಗಿದರು,
ಕಾಲು ಹೊರಗಿದ್ದದ್ದು ನೇಯ್ದವರದ್ದು.

ಸಿದ್ದಮಲ್ಲಪ್ಪ ಸಭೆಯಲ್ಲಿ ಎದ್ದು
"ಹೊಡೀರಿ ಅವನ ಹೆಸರ! ಷೇರು ವಾಪಸ್ ಬಿಸಾಕ್ರಿ!" ಎಂದ.
ಯಾರೂ ಮಾತಾಡಲಿಲ್ಲ. ಗೋಡೆ ನೋಡಿದರು.
ಆ ನಲವತ್ತು ಸಾವಿರವೇ ಗೋಡೆ, ಅದೇ ಮಾಡು,
ಮೂಲೆಯಲ್ಲಿ ಉಣ್ಣೆ ಹಿಂಜುವ ಯಂತ್ರವೂ ಅದೇ.
ಅದು ಬರುವ ಮೊದಲು ಉಣ್ಣೆಯ ಧೂಳು ಕುಡಿದು
ಅವನವ್ವ ಕೆಮ್ಮಿ ಕೆಮ್ಮಿ ಹೋಗಿದ್ದಳು.
ಯಂತ್ರದ ಕಡೆ ಒಮ್ಮೆ ನೋಡಿ
ತಾನೇ ಕೂತ.

ಮೊನ್ನೆ ಮಂಗಳವಾರ ಫೋನು ಗುಂಯ್ ಎಂದಿತು:
ಮೂರು ವರ್ಷದ ಬಾಕಿಯಲ್ಲಿ ಒಂದು ವರ್ಷದ್ದು ಜಮಾ.
ಯಾವ ವರ್ಷದ್ದೆಂದು ಬರೆದಿರಲಿಲ್ಲ.
ಹಂಚಲು ಕೂತರೆ ಹನ್ನೊಂದು ಜನ ಇಲ್ಲ.
ಕರಿಬೀರಜ್ಜ, ಮಕ್ಕಳಿಲ್ಲದವನು,
ವಾರಸುದಾರರ ಕಾಲಂನಲ್ಲಿ 'ಸಂಘ' ಎಂದು ಬರೆಸಿ
ಹೆಬ್ಬೆಟ್ಟು ಒತ್ತಿದ್ದ. ಶಾಯಿ ಹೆಚ್ಚಾಗಿ ಗೆರೆಗಳೇ ಮೂಡಿಲ್ಲ.
ಅವನ ಪಾಲು ಆರುನೂರ ನಲವತ್ತು.
ಎರಡು ಲಾಳಿ ತಂದೆವು. ಚಿಲ್ಲರೆ ಉಳಿಯಿತು.

ಈಗ ಈ ವರ್ಷದ ನೋಟಿಸು ಬರೆಯುತ್ತಿದ್ದೇನೆ.
ಇನ್ನೂರ ಹನ್ನೆರಡನೇ ಲಕೋಟೆಗೆ ಅಂಟು ಹಚ್ಚುವ ಮುಂಚೆ
ಪೆನ್ನು ಸ್ವಲ್ಪ ಹೊತ್ತು ಕೈಯಲ್ಲೇ ನಿಂತಿತು,
ಬೈಗುಳವೋ ಬಿನ್ನಹವೋ, ಒಂದು ಸಾಲು ಸೇರಿಸಲೆಂದು.
ಆಚೆ ಮಾಳಕ್ಕ ಪಾವು ತಟ್ಟುವ ಸದ್ದು.
ಏನೂ ಸೇರಿಸಲಿಲ್ಲ. ಕೆಳಗೆ ಎಂದಿನ ಷರಾ ಹೇಗೂ ಇದೆ:
ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ
ಅದೇ ಸ್ಥಳದಲ್ಲಿ ನಡೆಸಲಾಗುವುದು.